ಒಂದು ಬೂಟ್, ಒಂದು ಕೆಲಸ: ಪೆನ್‌ಡ್ರೈವಿನಲ್ಲಿ ಟೇಲ್ಸ್ ಹೊಂದಿಸುವ ಕ್ರಮ

ಟೇಲ್ಸ್ ಪೆನ್‌ಡ್ರೈವಿನಿಂದಲೇ ನಡೆಯುವ ಆಪರೇಟಿಂಗ್ ಸಿಸ್ಟಂ. ಲ್ಯಾಪ್‌ಟಾಪಿನ ಹಾರ್ಡ್‌ಡಿಸ್ಕಿಗೆ ಅದು ಕೈ ಹಾಕುವುದಿಲ್ಲ, ಇಂಟರ್ನೆಟ್ಟಿಗೆ ಹೋಗುವುದನ್ನೆಲ್ಲ ಟಾರ್ ಜಾಲದ (ಯಾರು ಎಲ್ಲಿಗೆ ಹೋದರೆಂದು ತಿಳಿಯದಂತೆ ಹಲವು ಸರ್ವರುಗಳನ್ನು ದಾಟಿಸುವ ಜಾಲ) ಮೂಲಕವೇ ಕಳಿಸುತ್ತದೆ, ಆಫ್ ಮಾಡುವಾಗ ಮೆಮೊರಿಯನ್ನು ಒರೆಸಿ ಹಾಕುತ್ತದೆ. 2009ರಲ್ಲಿ ಶುರುವಾದ ಈ ಯೋಜನೆ ಡೆಬಿಯನ್ ಲಿನಕ್ಸಿನ ಮೇಲೆ ನಿಂತಿದೆ. 2024ರ ಸೆಪ್ಟೆಂಬರಿನಲ್ಲಿ ಟಾರ್ ಪ್ರಾಜೆಕ್ಟಿನ ಜೊತೆ ಒಂದಾಯಿತು. ಮುಂದಿನ ವರ್ಷ ಅದೇ ತಿಂಗಳಲ್ಲಿ ಡೆಬಿಯನ್ 13ನ್ನು ಆಧರಿಸಿದ 7ನೇ ಆವೃತ್ತಿ ಬಂತು. ಇಲ್ಲಿ ಹೇಳಿರುವುದೆಲ್ಲ ಆ 7ರ ಸರಣಿಗೆ ಸಂಬಂಧಿಸಿದ್ದು.

ಕಾಸರಗೋಡಿನವರಿಗೆ ಲಿನಕ್ಸ್ ಹೊಸತಲ್ಲ. ಇಲ್ಲಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಕಲಿತ ಮಕ್ಕಳ ಕೈಗೆ ಮೊದಲು ಸಿಕ್ಕ ಕಂಪ್ಯೂಟರಿನಲ್ಲಿ ಇದ್ದದ್ದೇ ಕೇರಳದ ಶಾಲೆಗಳಿಗೆಂದು ಮಾಡಿದ, ಉಬುಂಟು ಆಧಾರಿತ ಕೈಟ್ ಗ್ನೂ/ಲಿನಕ್ಸ್. ಟೇಲ್ಸಿನ ಪರದೆ ಅದಕ್ಕಿಂತ ತೀರಾ ಬೇರೆಯಲ್ಲ. ಹಾಗಾಗಿ ಹೊಂದಿಸುವುದು ಕಷ್ಟವಲ್ಲ. ಹೊಂದಿಸಿದ ಮೇಲೆ ಅದರೊಳಗೆ ಏನು ಮಾಡುತ್ತೇವೆ ಎಂಬಲ್ಲಿ ಜನ ಎಡವುತ್ತಾರೆ. ಎಂಡೋಸಲ್ಫಾನ್ ಸಂತ್ರಸ್ತರೊಬ್ಬರ ವೈದ್ಯಕೀಯ ಕಡತವನ್ನು ಪತ್ರಕರ್ತರಿಗೆ ತಲುಪಿಸಬೇಕು, ಪಂಚಾಯತಿನ ಗುತ್ತಿಗೆಯ ಅವ್ಯವಹಾರದ ಬಗ್ಗೆ ಹೆಸರು ಹೇಳದೆ ದಾಖಲೆ ಕಳಿಸಬೇಕು, ಮನೆಯವರ ಕಣ್ಣಿಗೆ ಬೀಳದೆ ಕಾನೂನಿನ ಸಲಹೆ ಹುಡುಕಬೇಕು ಎಂದಿದ್ದರೆ ಟೇಲ್ಸ್ ಸರಿಯಾದ ಸಾಧನ. ನೆಟ್‌ಬ್ಯಾಂಕಿಂಗ್, ಡಿಜಿಲಾಕರ್, ಆಧಾರ್ ತಿದ್ದುಪಡಿ ಇವಕ್ಕೆ ಅಲ್ಲವೇ ಅಲ್ಲ. ಅಲ್ಲಿ ನಿಮ್ಮ ಹೆಸರು ಹೇಗೂ ಗೊತ್ತಿರುತ್ತದೆ. ಅದರ ಮೇಲೆ ಟಾರ್ ದೆಸೆಯಿಂದ ಜರ್ಮನಿಯಿಂದಲೋ ರುಮೇನಿಯಾದಿಂದಲೋ ಲಾಗಿನ್ ಆದಂತೆ ಕಂಡು ಖಾತೆ ಲಾಕ್ ಆಗಬಹುದು. ಆ ಕೆಲಸಗಳನ್ನು ಮಾಮೂಲಿ ಫೋನಿನಲ್ಲೇ ಮಾಡಿ.

ಏನೇನು ಬೇಕು

64 ಬಿಟ್ಟಿನ ಇಂಟೆಲ್ ಅಥವಾ ಎಎಂಡಿ ಪ್ರೊಸೆಸರ್ ಇರುವ ಲ್ಯಾಪ್‌ಟಾಪ್, ಕನಿಷ್ಠ 3 ಜಿಬಿ ರ್‍ಯಾಮ್, ಕನಿಷ್ಠ 8 ಜಿಬಿಯ ಪೆನ್‌ಡ್ರೈವ್. ಹಿಂದೆ 2 ಜಿಬಿ ರ್‍ಯಾಮ್ ಸಾಕಿತ್ತು, 7ನೇ ಆವೃತ್ತಿಯಿಂದ ಸಾಲದು. ಹಳೆಯ ಲ್ಯಾಪ್‌ಟಾಪಿನಲ್ಲಿ ಮೊನ್ನೆಯವರೆಗೆ ನಡೆಯುತ್ತಿದ್ದದ್ದು ಈಗ ತೆವಳುತ್ತಿದ್ದರೆ ಕಾರಣ ಅದೇ ಇರಬಹುದು. ಆ್ಯಪಲ್‌ನ ಎಂ ಸರಣಿಯ ಚಿಪ್ ಇರುವ ಮ್ಯಾಕ್‌ಬುಕ್, ಫೋನು, ಟ್ಯಾಬ್ಲೆಟ್ ಯಾವುದರಲ್ಲೂ ಟೇಲ್ಸ್ ಓಡುವುದಿಲ್ಲ.

ಪೆನ್‌ಡ್ರೈವಿನ ವಿಷಯದಲ್ಲಿ ಜಿಪುಣತನ ಬೇಡ. ಯುಎಸ್‌ಬಿ 3.0ರ 16 ಅಥವಾ 32 ಜಿಬಿಯ ಎರಡು ಕೊಳ್ಳಿ, ಒಂದು ಬಳಕೆಗೆ, ಇನ್ನೊಂದು ಬ್ಯಾಕಪ್ಪಿಗೆ. ರಸ್ತೆ ಬದಿಯಲ್ಲಿ ಅಗ್ಗಕ್ಕೆ ಸಿಗುವ ‘64 ಜಿಬಿ’ ಎಷ್ಟೋ ಸಲ ಒಳಗೆ 8 ಜಿಬಿಯದ್ದೇ ಆಗಿರುತ್ತದೆ. ಅಂಥದ್ದರಲ್ಲಿ ಟೇಲ್ಸ್ ಚೆನ್ನಾಗಿಯೇ ಬೂಟ್ ಆಗುತ್ತದೆ, ಅಂದರೆ ಚಾಲೂ ಆಗುತ್ತದೆ. ಕಡತಗಳನ್ನು ಇಟ್ಟು ಕೆಲವು ವಾರ ಕಳೆದ ಮೇಲೆ ಒಂದೊಂದಾಗಿ ಹಾಳಾಗತೊಡಗುತ್ತವೆ. ಹೊಸ ಪೆನ್‌ಡ್ರೈವನ್ನು ಮೊದಲು ವಿಂಡೋಸಿನಲ್ಲಿ ‘ಎಚ್2ಟೆಸ್ಟ್‌ಡಬ್ಲ್ಯೂ’ ಎಂಬ ಉಚಿತ ಸಾಧನದಿಂದ ಪೂರ್ತಿ ತುಂಬಿಸಿ ಓದಿಸಿ ನೋಡಿ, ನಿಜವಾದ ಅಳತೆ ಗೊತ್ತಾಗುತ್ತದೆ.

ಪೆನ್‌ಡ್ರೈವಿಗೆ ಟೇಲ್ಸ್ ಹಾಕುವ ಕಂಪ್ಯೂಟರ್ ನಿಮ್ಮದೇ ಆಗಿರಲಿ, ಇಲ್ಲವೇ ನೀವು ನಂಬುವವರದ್ದಾಗಿರಲಿ. ಅಕ್ಷಯ ಕೇಂದ್ರ, ಫೋಟೊಸ್ಟಾಟ್ ಅಂಗಡಿ, ಇಂಟರ್ನೆಟ್ ಕೆಫೆ ಇವುಗಳ ಯಂತ್ರಕ್ಕೆ ದಿನಕ್ಕೆ ಹತ್ತಾರು ಪೆನ್‌ಡ್ರೈವ್ ಹೋಗಿ ಬರುತ್ತವೆ, ಯಾವುದರಲ್ಲಿ ಏನಿದೆ ಎಂದು ಹೇಳಲಾಗದು. ಶಾಲೆಯ ಕೈಟ್ ಲ್ಯಾಪ್‌ಟಾಪನ್ನೂ ಇದಕ್ಕೆ ಬಳಸಬೇಡಿ, ಅದು ಸರಕಾರದ ಸೊತ್ತು. ಬಯೋಸ್ (ಯಂತ್ರ ಆನ್ ಆಗುವಾಗಿನ ಮೂಲ ಸೆಟ್ಟಿಂಗು) ಬದಲಿಸಿ ತೊಂದರೆಯಾದರೆ ಲೆಕ್ಕ ಕೊಡಬೇಕಾದವರು ಅಲ್ಲಿನ ಅಧ್ಯಾಪಕರು.

ಇಳಿಸಿಕೊಳ್ಳುವುದು ಮತ್ತು ಪರೀಕ್ಷಿಸುವುದು

ವಿಳಾಸ ಟೇಲ್ಸ್ ಡಾಟ್ ನೆಟ್. ಟಿ, ಎ, ಐ, ಎಲ್, ಎಸ್ ಎಂದು ಐದು ಅಕ್ಷರಗಳನ್ನು ನೀವೇ ಟೈಪ್ ಮಾಡಿ. ಹುಡುಕಾಟದ ಫಲಿತಾಂಶದ ಮೇಲೆ, ಅದರಲ್ಲೂ ಜಾಹೀರಾತು ಎಂದು ಗುರುತಿರುವುದರ ಮೇಲೆ ಒತ್ತಬೇಡಿ. ಅಲ್ಲಿ ಎರಡು ಬಗೆಯ ಕಡತಗಳಿವೆ: ಪೆನ್‌ಡ್ರೈವಿಗೆ ಐಎಂಜಿ, ಡಿವಿಡಿ ಮತ್ತು ವರ್ಚುವಲ್ ಯಂತ್ರಗಳಿಗೆ ಐಎಸ್‌ಒ. ನಿಮಗೆ ಬೇಕಾದ್ದು ಐಎಂಜಿ. ಐಎಸ್‌ಒ ಇಳಿಸಿ ಪೆನ್‌ಡ್ರೈವಿಗೆ ಬರೆದರೆ ಬೂಟ್ ಆದೀತು, ಆದರೆ ಕಡತ ಉಳಿಸುವ ಜಾಗ ಮಾಡಿಕೊಳ್ಳಲು ಬಿಡುವುದಿಲ್ಲ. ಆಗ ಎಲ್ಲಿ ತಪ್ಪಿತು ಎಂದು ತಿಳಿಯದೆ ಒದ್ದಾಡಬೇಕಾಗುತ್ತದೆ.

ಕಡತದ ಗಾತ್ರ ಒಂದೂವರೆ ಜಿಬಿಗೂ ಮಿಕ್ಕಿದ್ದು. ಮಳೆಗಾಲದಲ್ಲಿ ಡೇಟಾ ಬಂದು ಹೋಗಿ ಮಾಡುವ ಕಡೆ ನೇರ ಡೌನ್‌ಲೋಡಿಗಿಂತ ಅದೇ ತಾಣದಲ್ಲಿರುವ ಟೊರೆಂಟ್ ಒಳ್ಳೆಯದು. ಮಧ್ಯದಲ್ಲಿ ಕಡಿದರೂ ನಿಂತಲ್ಲಿಂದ ಮುಂದುವರಿಯುತ್ತದೆ. ಇಳಿದ ಮೇಲೆ ಡೌನ್‌ಲೋಡ್ ಪುಟದಲ್ಲೇ ಇರುವ ಪರೀಕ್ಷೆಯ ಗುಂಡಿ ಒತ್ತಿ ಕಡತವನ್ನು ತೋರಿಸಿ. ಬ್ರೌಸರ್ ಅದರ ಗುರುತನ್ನು ಲೆಕ್ಕ ಹಾಕಿ ಸರಿಯೋ ತಪ್ಪೋ ಹೇಳುತ್ತದೆ, ಕಡತ ಎಲ್ಲಿಗೂ ಅಪ್‌ಲೋಡ್ ಆಗುವುದಿಲ್ಲ. ತಪ್ಪು ಎಂದು ಬಂದರೆ ಹೆಚ್ಚಿನ ಸಲ ಡೌನ್‌ಲೋಡ್ ಅರ್ಧವಾಗಿರುತ್ತದೆ, ಅಳಿಸಿ ಮತ್ತೊಮ್ಮೆ ಇಳಿಸಿ. ಈ ಪರೀಕ್ಷೆಯನ್ನು ಮಾತ್ರ ಬಿಡಬೇಡಿ. ಯಾರೋ ತಿದ್ದಿದ ಟೇಲ್ಸಿಗಿಂತ ಮಾಮೂಲಿ ವಿಂಡೋಸೇ ವಾಸಿ.

ಬರೆಯುವುದು

ವಿಂಡೋಸಿನಲ್ಲಿ ‘ರುಫಸ್’ ಬಳಸಿ. ಮೇಲಿನ ಪೆಟ್ಟಿಗೆಯಲ್ಲಿ ಪೆನ್‌ಡ್ರೈವ್ ಆರಿಸಿ, ‘ಸೆಲೆಕ್ಟ್’ ಒತ್ತಿ ಐಎಂಜಿ ಕಡತ ಕೊಡಿ, ಉಳಿದದ್ದೇನನ್ನೂ ಮುಟ್ಟದೆ ‘ಸ್ಟಾರ್ಟ್’ ಒತ್ತಿ. ಪೆನ್‌ಡ್ರೈವಿನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ. ಪಕ್ಕದಲ್ಲಿ ಮದುವೆಯ ಫೋಟೊ ಇರುವ ಎಕ್ಸ್‌ಟರ್ನಲ್ ಡಿಸ್ಕ್ ಚುಚ್ಚಿದ್ದರೆ ಮೊದಲು ಅದನ್ನು ತೆಗೆದುಬಿಡಿ. ಉಬುಂಟು ಅಥವಾ ಕೈಟ್ ಇರುವ ಮನೆಯ ಯಂತ್ರವಾದರೆ ‘ಡಿಸ್ಕ್ಸ್’ ತೆರೆದು, ಎಡಬದಿಯಲ್ಲಿ ಪೆನ್‌ಡ್ರೈವ್ ಆರಿಸಿ, ಮೇಲಿನ ಮೂರು ಚುಕ್ಕಿಯ ಮೆನುವಿನಲ್ಲಿ ‘ರೀಸ್ಟೋರ್ ಡಿಸ್ಕ್ ಇಮೇಜ್’ ಒತ್ತಿ. ಐಎಂಜಿ ಕಡತವನ್ನು ಪೆನ್‌ಡ್ರೈವಿಗೆ ಕಾಪಿ-ಪೇಸ್ಟ್ ಮಾಡಿದರೆ ಏನೂ ಆಗುವುದಿಲ್ಲ. ಬರೆದು ಮುಗಿದ ಮೇಲೆ ವಿಂಡೋಸ್ ‘ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು’ ಎಂದು ಕೇಳಿದರೆ ಬೇಡ ಎನ್ನಿ.

ಬ್ಯಾಟರಿ ಸತ್ತು ಚಾರ್ಜರಿನ ಮೇಲೆಯೇ ನಡೆಯುವ ಲ್ಯಾಪ್‌ಟಾಪಾದರೆ ಗುಡುಗು ಮಿಂಚಿನ ಹೊತ್ತಲ್ಲಿ ಈ ಕೆಲಸಕ್ಕೆ ಕೂರಬೇಡಿ. ಬರೆಯುವಾಗ ಕರೆಂಟು ಹೋದರೆ ಮತ್ತೆ ಮೊದಲಿನಿಂದ ಬರೆದರಾಯಿತು. ಆದರೆ ಟೇಲ್ಸ್ ಮೊದಲ ಸಲ ಬೂಟ್ ಆಗುವಾಗ ಪೆನ್‌ಡ್ರೈವಿನ ಜಾಗದಲ್ಲಿ ತನ್ನ ವಿಭಾಗವನ್ನು ಹಿಗ್ಗಿಸಿಕೊಳ್ಳುತ್ತದೆ. ಆ ಒಂದೆರಡು ನಿಮಿಷದಲ್ಲಿ ಕರೆಂಟು ಕೈಕೊಟ್ಟರೆ ವಿಚಿತ್ರ ತಕರಾರುಗಳು ಶುರುವಾಗುತ್ತವೆ.

ಬೂಟ್ ಮಾಡುವುದು

ವಿಂಡೋಸ್ ನಡೆಯುತ್ತಿರುವಾಗಲೇ ಶಿಫ್ಟ್ ಕೀಲಿ ಹಿಡಿದುಕೊಂಡು ‘ರೀಸ್ಟಾರ್ಟ್’ ಒತ್ತಿ. ನೀಲಿ ಪರದೆಯಲ್ಲಿ ‘ಯೂಸ್ ಎ ಡಿವೈಸ್’ ಎಂದಿದ್ದರೆ ಅದರೊಳಗೆ ಪೆನ್‌ಡ್ರೈವ್ ಆರಿಸಿ. ಇಲ್ಲದಿದ್ದರೆ ಆಫ್ ಮಾಡಿ, ಆನ್ ಮಾಡಿದ ಕೂಡಲೇ ಬೂಟ್ ಮೆನುವಿನ ಕೀಲಿಯನ್ನು ಪಟಪಟನೆ ಒತ್ತುತ್ತಾ ಇರಿ: ಡೆಲ್ ಮತ್ತು ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಸ್ಕೇಪ್ ಅಥವಾ ಎಫ್9, ಏಸಸ್‌ನಲ್ಲಿ ಎಸ್ಕೇಪ್. ಏಸರಿನಲ್ಲೂ ಎಫ್12, ಆದರೆ ಹಲವು ಮಾದರಿಗಳಲ್ಲಿ ಬಯೋಸಿನೊಳಗೆ ಹೋಗಿ ‘ಎಫ್12 ಬೂಟ್ ಮೆನು’ ಎಂಬುದನ್ನು ಮೊದಲು ಚಾಲೂ ಮಾಡಬೇಕು. ಅಲ್ಲಿಯವರೆಗೆ ಎಷ್ಟು ಒತ್ತಿದರೂ ವಿಂಡೋಸೇ ಬರುತ್ತದೆ.

ಸೆಕ್ಯೂರ್ ಬೂಟ್ (ಗುರುತಿಲ್ಲದ ಸಿಸ್ಟಂ ಚಾಲೂ ಆಗದಂತೆ ತಡೆಯುವ ಸೆಟ್ಟಿಂಗು) ಆಫ್ ಮಾಡುವ ಅಗತ್ಯ ಸಾಮಾನ್ಯವಾಗಿ ಇಲ್ಲ, 2020ರಿಂದಲೇ ಟೇಲ್ಸ್ ಅದರೊಂದಿಗೆ ಹೊಂದಿಕೊಂಡಿದೆ. ‘ಸೆಕ್ಯುರಿಟಿ ಪಾಲಿಸಿ ವಯೊಲೇಷನ್’ ಎಂಬ ಸಂದೇಶ ಬಂದರೆ ನಿಮ್ಮ ಟೇಲ್ಸ್ ಹಳತಾಗಿದೆ ಎಂದು ಲೆಕ್ಕ, ಹೊಸ ಆವೃತ್ತಿಯನ್ನು ಇಳಿಸಿ ಬರೆಯಿರಿ. ಅದೂ ಆಗದೆ ಸೆಕ್ಯೂರ್ ಬೂಟ್ ಆಫ್ ಮಾಡಲೇಬೇಕಾಗಿ ಬಂದರೆ ಒಂದು ಮುನ್ನೆಚ್ಚರಿಕೆ ಬೇಕು. ಈಚಿನ ವಿಂಡೋಸ್ ಲ್ಯಾಪ್‌ಟಾಪುಗಳಲ್ಲಿ ಬಿಟ್‌ಲಾಕರ್ (ಹಾರ್ಡ್‌ಡಿಸ್ಕನ್ನು ಗೂಢಲಿಪಿಯಲ್ಲಿ ಬೀಗ ಹಾಕುವ ವ್ಯವಸ್ಥೆ) ನಿಮಗೆ ಗೊತ್ತಿಲ್ಲದೆಯೇ ಚಾಲೂ ಇರಬಹುದು. ಸೆಟ್ಟಿಂಗ್ ಬದಲಾದದ್ದೇ ತಡ, ಮುಂದಿನ ಸಲ ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದು ಇಲ್ಲದಿದ್ದರೆ ಹಾರ್ಡ್‌ಡಿಸ್ಕಿನಲ್ಲಿರುವುದರ ಆಸೆ ಬಿಡಬೇಕು. ಮೊದಲೇ ಮೈಕ್ರೋಸಾಫ್ಟ್ ಖಾತೆಯಲ್ಲಿ ಹುಡುಕಿ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಟೇಲ್ಸಿನ ಮೊದಲ ಮೆನು ಬಂದು ಆಮೇಲೆ ಪರದೆ ಕಪ್ಪಾಗಿ ನಿಂತರೆ ಬಹುತೇಕ ಗ್ರಾಫಿಕ್ಸ್ ಕಾರ್ಡಿನ ತಂಟೆ. ಎನ್‌ವಿಡಿಯಾ ಇರುವ ಗೇಮಿಂಗ್ ಲ್ಯಾಪ್‌ಟಾಪುಗಳಲ್ಲಿ ಇದು ಹೆಚ್ಚು. ಮರಳಿ ಬೂಟ್ ಮಾಡಿ ‘ಟ್ರಬಲ್‌ಶೂಟಿಂಗ್ ಮೋಡ್’ ಆರಿಸಿ ನೋಡಿ.

ಸ್ವಾಗತ ಪರದೆ

ಭಾಷೆ ಇಂಗ್ಲಿಷಿನಲ್ಲೇ ಇರಲಿ. ಟಾರ್ ಬ್ರೌಸರ್ ಎಲ್ಲರಂತೆ ಕಾಣಿಸಿಕೊಂಡರೆ ಮಾತ್ರ ನೀವು ಗುಂಪಿನಲ್ಲಿ ಅಡಗುತ್ತೀರಿ. ಕನ್ನಡದ ಪುಟವೇ ಬೇಕು ಎಂದು ತಾಣಗಳಿಗೆ ಹೇಳುವ ಬ್ರೌಸರುಗಳು ಟಾರ್‌ನಲ್ಲಿ ಎಷ್ಟಿದ್ದಾವು? ಇದೇ ಕಾರಣಕ್ಕೆ ಟಾರ್ ಬ್ರೌಸರಿಗೆ ಹೊಸ ಎಕ್ಸ್‌ಟೆನ್ಷನ್ ಹಾಕಬಾರದು. ಜಾಹೀರಾತು ತಡೆಯುವ ಯುಬ್ಲಾಕ್ ಆರಿಜಿನ್ ಟೇಲ್ಸಿನಲ್ಲಿ ಮೊದಲೇ ಇದೆ, ಅಷ್ಟು ಸಾಕು.

ಕೆಳಗಿನ ಕೂಡಿಸು ಗುರುತನ್ನು ಒತ್ತಿದರೆ ಹೆಚ್ಚುವರಿ ಸೆಟ್ಟಿಂಗುಗಳು ಬರುತ್ತವೆ. ಅಡ್ಮಿನ್ ಪಾಸ್‌ವರ್ಡ್ ಹೊಸ ಸಾಫ್ಟ್‌ವೇರ್ ಹಾಕುವ ದಿನ ಮಾತ್ರ ಇಡಿ. ಆಫ್ ಮಾಡಿದ ಮೇಲೆ ಅದು ತಾನಾಗಿ ಮರೆತುಹೋಗುತ್ತದೆ. ಮ್ಯಾಕ್ ವಿಳಾಸ (ವೈಫೈ ಕಾರ್ಡಿನ ಗುರುತಿನ ಸಂಖ್ಯೆ) ಮರೆಸುವ ಆಯ್ಕೆ ಮೊದಲೇ ಚಾಲೂ ಇರುತ್ತದೆ, ಹಾಗೆಯೇ ಬಿಡಿ. ಬರೇ ಕಡತ ಓದುವ, ತಿದ್ದುವ ಕೆಲಸವಿದ್ದರೆ ‘ಆಫ್‌ಲೈನ್ ಮೋಡ್’ ಹಾಕಿಕೊಳ್ಳುವುದು ಒಳ್ಳೆಯ ಅಭ್ಯಾಸ. ಆಮೇಲೆ ‘ಸ್ಟಾರ್ಟ್ ಟೇಲ್ಸ್’.

ಟಾರ್‌ಗೆ ಸೇರುವುದು

ವೈಫೈ ಸೇರಿದ ಕೂಡಲೇ ‘ಟಾರ್ ಕನೆಕ್ಷನ್’ ಎಂಬ ಕಿಟಕಿ ತೆರೆದು ಎರಡು ದಾರಿ ಮುಂದಿಡುತ್ತದೆ. ಮೊದಲನೆಯದು, ತಾನಾಗಿ ಟಾರ್‌ಗೆ ಸೇರು. ಎರಡನೆಯದು, ಟಾರ್‌ಗೆ ಸೇರುತ್ತಿರುವುದನ್ನು ಸ್ಥಳೀಯ ಜಾಲದಿಂದ ಮರೆಮಾಡು. ಭಾರತದಲ್ಲಿ ಟಾರ್ ಬಳಸುವುದು ಅಪರಾಧವಲ್ಲ, ಹೆಚ್ಚಿನವರಿಗೆ ಮೊದಲನೆಯದು ಸಾಕು. ನೀವು ಯಾವ ತಾಣಕ್ಕೆ ಹೋದಿರಿ ಎಂಬುದು ಸಿಮ್ ಕಂಪನಿಗೆ ಕಾಣುವುದಿಲ್ಲ. ನೀವು ಟಾರ್ ಬಳಸಿದಿರಿ, ಇಷ್ಟು ಹೊತ್ತಿಗೆ ಬಳಸಿದಿರಿ ಎಂಬುದು ಮಾತ್ರ ಕಾಣುತ್ತದೆ.

ಆ ‘ಇಷ್ಟು ಹೊತ್ತಿಗೆ’ ಎಂಬುದು ಸಣ್ಣ ಊರಿನಲ್ಲಿ ಸಣ್ಣ ವಿಷಯವಲ್ಲ. 2013ರ ಡಿಸೆಂಬರಿನಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ ಪರೀಕ್ಷೆ ತಪ್ಪಿಸಲು ಟಾರ್ ಮೂಲಕ ಹುಸಿ ಬಾಂಬ್ ಬೆದರಿಕೆ ಕಳಿಸಿದ. ಟಾರ್‌ನ ಗೂಢಲಿಪಿಯನ್ನು ಯಾರೂ ಮುರಿಯಲಿಲ್ಲ. ಆ ಹೊತ್ತಿನಲ್ಲಿ ಕ್ಯಾಂಪಸ್ಸಿನ ಜಾಲದಿಂದ ಟಾರ್‌ಗೆ ಸೇರಿದವರು ಯಾರು ಎಂದು ನೋಡಿದರು, ವಿಚಾರಿಸಿದರು, ಆತ ಒಪ್ಪಿಕೊಂಡ. ಅವನ ಉದ್ದೇಶ ಕೆಟ್ಟದ್ದೇ, ಆದರೆ ಲೆಕ್ಕಾಚಾರ ಒಳ್ಳೆಯವರಿಗೂ ಅನ್ವಯ. ಒಂದು ಕಚೇರಿಯ ದಾಖಲೆಯನ್ನು ಅದೇ ಕಚೇರಿಯ ವೈಫೈಯಿಂದ ಟಾರ್ ಮೂಲಕ ಕಳಿಸಿದರೆ, ಆ ದಿನ ಅಲ್ಲಿ ಟಾರ್ ಬಳಸಿದವರು ನೀವೊಬ್ಬರೇ ಆಗಿರುತ್ತೀರಿ. ಅಂಥ ಕೆಲಸಕ್ಕೆ ಜಾಗ ಬೇರೆ ಇರಲಿ, ಹೊತ್ತು ಬೇರೆ ಇರಲಿ, ದಾರಿ ಎರಡನೆಯದೇ ಇರಲಿ.

ಎರಡನೆಯ ದಾರಿಗೆ ‘ಬ್ರಿಡ್ಜ್’ ಬೇಕು, ಅಂದರೆ ಪಟ್ಟಿಯಲ್ಲಿ ಹೆಸರಿಲ್ಲದ ಟಾರ್ ಪ್ರವೇಶದ್ವಾರ. ಜಿಮೇಲ್ ಖಾತೆಯಿಂದ ‘ಬ್ರಿಡ್ಜಸ್’ ಆ್ಯಟ್ ಟಾರ್‌ಪ್ರಾಜೆಕ್ಟ್ ಡಾಟ್ ಆರ್ಗ್ ವಿಳಾಸಕ್ಕೆ ಇಮೇಲ್ ಕಳಿಸಿದರೆ ಉತ್ತರದಲ್ಲಿ ಬರುತ್ತದೆ. ಫೋನಿನಲ್ಲಿ ಬಂದ ಕ್ಯೂಆರ್ ಕೋಡನ್ನು ಲ್ಯಾಪ್‌ಟಾಪಿನ ಕ್ಯಾಮೆರಾಕ್ಕೆ ತೋರಿಸಿದರೆ ಟೇಲ್ಸ್ ಓದಿಕೊಳ್ಳುತ್ತದೆ, ಆ ಉದ್ದನೆಯ ಸಾಲನ್ನು ಕೈಯಿಂದ ಟೈಪ್ ಮಾಡುವ ಕರ್ಮ ಬೇಡ.

ಬ್ರಿಡ್ಜ್ ಹಾಕಿದರೂ ಸೇರುತ್ತಿಲ್ಲ ಎಂದರೆ ಮೊದಲು ಗಡಿಯಾರ ನೋಡಿ. ನಮ್ಮಲ್ಲಿ ಈ ತೊಂದರೆ ಬಲು ಸಾಮಾನ್ಯ. ವಿಂಡೋಸ್ ಯಂತ್ರದೊಳಗಿನ ಗಡಿಯಾರಕ್ಕೆ ಭಾರತದ ಸಮಯವನ್ನೇ ಬರೆದಿಡುತ್ತದೆ, ಟೇಲ್ಸ್ ಅದನ್ನು ಯುಟಿಸಿ (ಜಾಗತಿಕ ಮಾನಕ ಸಮಯ) ಎಂದು ಓದುತ್ತದೆ. ಅಲ್ಲಿಗೆ ಗಡಿಯಾರ ಐದೂವರೆ ಗಂಟೆ ಮುಂದೆ ಓಡಿದಂತಾಯಿತು. ಸಮಯ ತಪ್ಪಿದ್ದರೆ ಟಾರ್ ಒಳಗೆ ಬಿಡುವುದಿಲ್ಲ. ತಾನಾಗಿ ಸೇರುವ ದಾರಿಯಲ್ಲಿ ಟೇಲ್ಸ್ ಇಂಟರ್ನೆಟ್ಟಿನಿಂದ ಸರಿಯಾದ ಸಮಯ ಕೇಳಿಕೊಳ್ಳುತ್ತದೆ. ಮರೆಮಾಡುವ ದಾರಿಯಲ್ಲಿ ಕೇಳಿದರೆ ಗುಟ್ಟು ರಟ್ಟಾಗುತ್ತದೆಂದು ಸುಮ್ಮನಿರುತ್ತದೆ. ‘ಫಿಕ್ಸ್ ಕ್ಲಾಕ್’ ಒತ್ತಿ, ವಲಯದಲ್ಲಿ ‘ಏಷ್ಯಾ/ಕೋಲ್ಕತಾ’ ಆರಿಸಿ, ಕೈಗಡಿಯಾರ ನೋಡಿ ಸಮಯ ಕೊಡಿ. ಹೀಗೆ ವಲಯ ಆರಿಸದೆ ಸೇರಿದಾಗ ಮೇಲಿನ ಪಟ್ಟಿಯಲ್ಲಿ ಬೆಳಿಗ್ಗೆ 10ರ ಹೊತ್ತಿಗೆ 4:30 ಎಂದು ಕಂಡರೆ ಗಾಬರಿ ಬೇಡ, ಅದು ಯುಟಿಸಿ.

ವೈಫೈಯೇ ಕಾಣುವುದಿಲ್ಲ ಎಂಬುದು ಇನ್ನೊಂದು ದೂರು. ಕೆಲವು ಬ್ರಾಡ್‌ಕಾಮ್ ಮತ್ತು ರಿಯಲ್‌ಟೆಕ್ ಕಾರ್ಡುಗಳಿಗೆ ಟೇಲ್ಸಿನಲ್ಲಿ ಡ್ರೈವರ್ ಇಲ್ಲ. ಆಂಡ್ರಾಯ್ಡ್ ಫೋನನ್ನು ಕೇಬಲ್ಲಿನಿಂದ ಜೋಡಿಸಿ ‘ಯುಎಸ್‌ಬಿ ಟೆದರಿಂಗ್’ ಚಾಲೂ ಮಾಡಿ, ತಂತಿಯ ಜಾಲದಂತೆ ತಾನಾಗಿ ಸೇರುತ್ತದೆ. ತಲಪಾಡಿ, ಮಂಜೇಶ್ವರದ ಕಡೆ ಫೋನು ಒಮ್ಮೆ ಕೇರಳದ ಟವರಿಗೆ, ಒಮ್ಮೆ ಕರ್ನಾಟಕದ ಟವರಿಗೆ ಹಾರುತ್ತಿದ್ದರೆ ಟಾರ್ ಪ್ರತಿ ಸಲ ಹೊಸದಾಗಿ ದಾರಿ ಕಟ್ಟಬೇಕಾಗುತ್ತದೆ. ಫೋನಿನ ಸೆಟ್ಟಿಂಗಿನಲ್ಲಿ ನೆಟ್‌ವರ್ಕ್ ಆಯ್ಕೆಯನ್ನು ಮ್ಯಾನುಯಲ್ ಮಾಡಿ ಒಂದೇ ಕಡೆ ಕಟ್ಟಿಹಾಕಿ.

ರೈಲ್ವೆ ಸ್ಟೇಷನ್ನಿನ ರೈಲ್‌ವೈರ್, ಕೇರಳ ಸರಕಾರದ ಕೆ-ಫೈ ಇವೆಲ್ಲ ಮೊಬೈಲ್ ನಂಬರು ಕೊಟ್ಟು ಒಟಿಪಿ ಹಾಕಿದ ಮೇಲೆ ಬಿಡುವ ಜಾಲಗಳು. ಟೇಲ್ಸಿನಲ್ಲಿ ಅದಕ್ಕೆಂದೇ ‘ಅನ್‌ಸೇಫ್ ಬ್ರೌಸರ್’ ಇದೆ. ಲಾಗಿನ್ ಪುಟಕ್ಕೆ ಮಾತ್ರ ಅದನ್ನು ಬಳಸಿ, ಕೂಡಲೇ ಮುಚ್ಚಿ. ಅದರಲ್ಲಿ ಬೇರೇನಾದರೂ ತೆರೆದರೆ ಟಾರ್ ಇಲ್ಲದೆಯೇ ಹೋಗುತ್ತದೆ. ಒಟಿಪಿ ಕೊಟ್ಟ ಮೇಲೆ ಆ ಜಾಲಕ್ಕೆ ನಿಮ್ಮ ನಂಬರು ಗೊತ್ತು, ನೀವು ಕೂತ ಜಾಗ ಗೊತ್ತು. ಊರು ಬಿಟ್ಟು ಬಂದು ಸಾರ್ವಜನಿಕ ವೈಫೈಯಲ್ಲಿ ಕೂತೆ, ಇನ್ನು ಯಾರಿಗೂ ತಿಳಿಯದು ಎಂಬ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ.

ವಿಪಿಎನ್ (ಇಂಟರ್ನೆಟ್ಟಿಗೆ ಹೋಗುವುದನ್ನೆಲ್ಲ ಒಂದು ಕಂಪನಿಯ ಸರ್ವರಿನ ಮೂಲಕ ಕಳಿಸುವ ಸೇವೆ) ಸಾಲದೇ ಎಂದು ಕೇಳುವವರಿಗೆ: 2022ರ ಏಪ್ರಿಲಿನಲ್ಲಿ ಕೇಂದ್ರ ಸರಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದಂತೆ ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸ, ಐಪಿಗಳನ್ನು 5 ವರ್ಷ ಇಟ್ಟುಕೊಳ್ಳಬೇಕು. ಕೆಲವು ದೊಡ್ಡ ಕಂಪನಿಗಳು ಭಾರತದಲ್ಲಿದ್ದ ಸರ್ವರುಗಳನ್ನೇ ತೆಗೆದವು. ಅದೇನಿದ್ದರೂ ವಿಪಿಎನ್ನಿನಲ್ಲಿ ಒಂದೇ ಕಂಪನಿಗೆ ಎಲ್ಲವೂ ಗೊತ್ತಿರುತ್ತದೆ. ಟಾರ್‌ನಲ್ಲಿ ಮಾಹಿತಿ ಮೂರು ಸರ್ವರುಗಳನ್ನು ದಾಟುತ್ತದೆ, ಮೂರರಲ್ಲಿ ಯಾವುದಕ್ಕೂ ಪೂರ್ತಿ ಕತೆ ಗೊತ್ತಿಲ್ಲ.

ಉಳಿಸಿಡುವ ಜಾಗ ಮತ್ತು ಅದರ ಬೀಗ

ಟೇಲ್ಸ್ ಎಲ್ಲವನ್ನೂ ಮರೆಯುತ್ತದೆ. ಮರೆಯಬಾರದ್ದಕ್ಕೆ ‘ಪರ್ಸಿಸ್ಟೆಂಟ್ ಸ್ಟೋರೇಜ್’ ಮಾಡಿಕೊಳ್ಳಬೇಕು. ಪೆನ್‌ಡ್ರೈವಿನಲ್ಲಿ ಉಳಿದ ಜಾಗವನ್ನೆಲ್ಲ ಅದು ಗೂಢಲಿಪಿಯಲ್ಲಿ ಬಂದೋಬಸ್ತು ಮಾಡುತ್ತದೆ. ಆ್ಯಪ್‌ಗಳ ಪಟ್ಟಿಯಲ್ಲಿ ಆ ಹೆಸರಿನದ್ದನ್ನೇ ತೆರೆದರಾಯಿತು. ಪಾಸ್‌ಫ್ರೇಸ್ ಕೇಳುವಲ್ಲಿ ಮಾತ್ರ ನಿಧಾನಿಸಿ.

ಬೇಕಾದ್ದು ಐದರಿಂದ ಏಳು ಪದಗಳು, ಒಂದಕ್ಕೊಂದು ಸಂಬಂಧವಿಲ್ಲದವು, ನಿಮ್ಮ ತಲೆಯಿಂದ ಹುಟ್ಟದವು. 7776 ಪದಗಳ ಪಟ್ಟಿಯಿಂದ ದಾಳ ಹಾಕಿ ಆರಿಸುವ ಕ್ರಮವೊಂದಿದೆ. ಐದು ಸಲ ದಾಳ ಉರುಳಿಸಿದರೆ ಒಂದು ಪದ, ಆರು ಪದಕ್ಕೆ ಸುಮಾರು 77 ಬಿಟ್ಟಿನ ಬಲ. ಅಷ್ಟು ಕಷ್ಟ ಬೇಡವೆಂದರೆ ಟೇಲ್ಸೇ ಯಾದೃಚ್ಛಿಕವಾಗಿ ಪದಗಳನ್ನು ಸೂಚಿಸುತ್ತದೆ, ಅದನ್ನು ಒಪ್ಪಿಕೊಳ್ಳಿ. ಗಾದೆ, ವಚನದ ಸಾಲು, ಯಕ್ಷಗಾನದ ಪದ, ದೇವಸ್ಥಾನದ ಹೆಸರು, ತರವಾಡು ಮನೆಯ ಹೆಸರು ಯಾವುದೂ ಬೇಡ. ನಿಮಗೆ ಬಾಯಿಪಾಠ ಬರುವುದು ನಿಮ್ಮನ್ನು ಬಲ್ಲವರಿಗೂ ಬರುತ್ತದೆ.

ಕನ್ನಡದ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವವರು ಇನ್ನೊಂದು ಗುಂಡಿಗೆ ಬೀಳುತ್ತಾರೆ. ‘ಹೂವು’ ಎಂಬುದಕ್ಕೆ ಎರಡು ‘ಒ’ ಹಾಕಿದಿರೋ ಒಂದು ‘ಯು’ ಹಾಕಿದಿರೋ, ‘ಹಳ್ಳ’ದಲ್ಲಿ ‘ಎಲ್’ ದೊಡ್ಡದೋ ಸಣ್ಣದೋ ಎಂಬುದು ಇವತ್ತು ಸ್ಪಷ್ಟವಿರುತ್ತದೆ, ಮೂರು ತಿಂಗಳು ಬಳಸದೆ ಬಿಟ್ಟರೆ ಇರುವುದಿಲ್ಲ. ‘ಮರೆತೆ’ ಎನ್ನುವವರಿಗೆ ಟೇಲ್ಸಿನಲ್ಲಿ ಬೇರೆ ಬಾಗಿಲಿಲ್ಲ. ಕನ್ನಡ ಲಿಪಿಯಲ್ಲೇ ಪಾಸ್‌ಫ್ರೇಸ್ ಇಡುವುದಂತೂ ಬೇಡವೇ ಬೇಡ. ಸ್ವಾಗತ ಪರದೆಯಲ್ಲಿ ಕೀಲಿಮಣೆ ಇಂಗ್ಲಿಷಿನಲ್ಲಿದ್ದು, ಒತ್ತಿದ್ದು ಸಾಮಾನ್ಯವಾಗಿ ಚುಕ್ಕಿಗಳಾಗಿ ಕಾಣುತ್ತದೆ. ಮೊದಲ ವಾರ ಕಾಗದದ ಮೇಲೆ ಬರೆದು ಪೆನ್‌ಡ್ರೈವಿನಿಂದ ದೂರ ಇಟ್ಟುಕೊಳ್ಳಿ, ದಿನಕ್ಕೊಮ್ಮೆ ಟೈಪ್ ಮಾಡಿ, ಬಾಯಿಗೆ ಬಂದ ಮೇಲೆ ಕಾಗದವನ್ನು ಸುಟ್ಟುಬಿಡಿ.

ಏನೇನು ಉಳಿಯಬೇಕು ಎಂಬ ಪಟ್ಟಿಯಲ್ಲಿ ‘ಪರ್ಸಿಸ್ಟೆಂಟ್ ಫೋಲ್ಡರ್’ ಬೇಕೇ ಬೇಕು. ‘ಟಾರ್ ಬ್ರಿಡ್ಜ್’, ‘ವೆಲ್ಕಮ್ ಸ್ಕ್ರೀನ್’ ಇದ್ದರೆ ಅನುಕೂಲ. ಫಾಂಟ್ ಹಾಕುವುದಿದ್ದರೆ ‘ಅಡಿಷನಲ್ ಸಾಫ್ಟ್‌ವೇರ್’. ಉಳಿದದ್ದನ್ನು ಬೇಕಾದಾಗ ಚಾಲೂ ಮಾಡಬಹುದು. ಬ್ರೌಸರಿನಲ್ಲಿ ಇಳಿಸಿದ ಕಡತವನ್ನು ಈ ಫೋಲ್ಡರಿಗೆ ಸರಿಸದೆ ಆಫ್ ಮಾಡಿದರೆ ಅದು ಹೋಯಿತೆಂದೇ ಲೆಕ್ಕ. ಪಾಸ್‌ವರ್ಡುಗಳಿಗೆ ಒಳಗೇ ಇರುವ ಕೀಪಾಸ್‌ಎಕ್ಸ್‌ಸಿ ಬಳಸಿ, ಅದರ ಡೇಟಾಬೇಸನ್ನೂ ಇದೇ ಫೋಲ್ಡರಿನಲ್ಲಿಡಿ.

ಕನ್ನಡ ಬರೆಯುವುದು

‘ಸೆಟ್ಟಿಂಗ್ಸ್’, ಅದರೊಳಗೆ ‘ಕೀಬೋರ್ಡ್’, ಅಲ್ಲಿ ‘ಇನ್‌ಪುಟ್ ಸೋರ್ಸಸ್’ನಲ್ಲಿ ಕನ್ನಡ ಸೇರಿಸಿ. ವಿಂಡೋಸ್ ಗುರುತಿನ ಕೀಲಿ ಹಿಡಿದು ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಬರೇ ‘ಕನ್ನಡ’ ಎಂದಿರುವುದು ಇನ್‌ಸ್ಕ್ರಿಪ್ಟ್. ಶಾಲೆಯಲ್ಲಿ ಮಲಯಾಳವನ್ನು ಇನ್‌ಸ್ಕ್ರಿಪ್ಟಿನಲ್ಲಿ ಕಲಿತವರಿಗೆ ಇದು ಕೈಗೆ ಬಂದ ತುತ್ತು. ಭಾರತದ ಲಿಪಿಗಳಿಗೆಲ್ಲ ಅದರಲ್ಲಿ ಕೀಲಿಯ ಜಾಗ ಒಂದೇ. ‘ಜೆ, ಕೆ, ಡಿ, ಎಲ್’ ಒತ್ತಿದರೆ ಅಲ್ಲಿ ‘ರಕ್ತ’ ಬರುವಂತೆ ಇಲ್ಲೂ ‘ರಕ್ತ’ ಬರುತ್ತದೆ. ನುಡಿಯಲ್ಲಿ ಪಳಗಿದವರು ಪಟ್ಟಿಯಲ್ಲಿರುವ ‘ಕಗಪ’ ಎಂಬುದನ್ನು ಆರಿಸಿಕೊಳ್ಳಿ.

ಅಕ್ಷರದ ಬದಲು ಚೌಕಗಳು ಕಂಡರೆ, ಅಥವಾ ಬೇರೆ ಅಕ್ಷರರೂಪ ಬೇಕೆನಿಸಿದರೆ, ಅಡ್ಮಿನ್ ಪಾಸ್‌ವರ್ಡ್ ಇಟ್ಟು ಬೂಟ್ ಮಾಡಿ, ‘ಸಿನ್ಯಾಪ್ಟಿಕ್’ ತೆರೆದು ‘ಫಾಂಟ್ಸ್-ಗುಬ್ಬಿ’ ಅಥವಾ ‘ಫಾಂಟ್ಸ್-ನವಿಲು’ ಹಾಕಿ. ಹಾಕಿದ ಮೇಲೆ ಮೂಡುವ ಸೂಚನೆಯಲ್ಲಿ ‘ಇನ್‌ಸ್ಟಾಲ್ ಎವ್ರಿ ಟೈಮ್’ ಒತ್ತದಿದ್ದರೆ ಮುಂದಿನ ಬೂಟಿಗೆ ಅದು ಇರುವುದಿಲ್ಲ. ಹಳೆಯ ನುಡಿ, ಬರಹ, ಶ್ರೀಲಿಪಿಗಳಲ್ಲಿ ಟೈಪಿಸಿದ ಕಡತ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಂಡರೆ ಅದು ಯೂನಿಕೋಡ್ ಅಲ್ಲ, ಹೊಸ ಫಾಂಟ್ ಹಾಕಿದರೂ ಸರಿಯಾಗದು. ಅದನ್ನು ಪರಿವರ್ತಿಸಲು ಆನ್‌ಲೈನ್ ತಾಣಗಳಿಗೆ ಅಂಟಿಸಬೇಡಿ. ಗುಟ್ಟಿನ ದಾಖಲೆಯನ್ನು ಗುರುತಿಲ್ಲದವರ ಸರ್ವರಿಗೆ ನೀವೇ ಕೊಟ್ಟಂತಾಗುತ್ತದೆ. ಇಂಟರ್ನೆಟ್ ತಪ್ಪಿಸಿದ ಮನೆಯ ಕಂಪ್ಯೂಟರಿನಲ್ಲಿ ಪರಿವರ್ತಕ ಬಳಸಿ.

ಯಾವ ಸಾಫ್ಟ್‌ವೇರೂ ಮರೆಮಾಚದ ಗುರುತು ಇನ್ನೊಂದಿದೆ, ನಿಮ್ಮ ಮಾತು. ‘ಉಂಟು’, ‘ಮಾರಾಯ್ರೆ’, ‘ಹೋಗುದು’ ಎಂದೆಲ್ಲ ಬರೆದ ಪತ್ರ ಎಲ್ಲಿಯದು ಎಂದು ಹೇಳಲು ಐಪಿ ವಿಳಾಸ ಬೇಕಿಲ್ಲ. ಹೆಸರಿಲ್ಲದ ಪತ್ರವನ್ನು ಪಠ್ಯಪುಸ್ತಕದ ಕನ್ನಡದಲ್ಲಿ, ಸಣ್ಣ ಸಣ್ಣ ವಾಕ್ಯಗಳಲ್ಲಿ ಬರೆಯಿರಿ.

ಕಡತ ತೊಳೆಯುವುದು, ಕಳಿಸುವುದು

ಫೋನಿನಲ್ಲಿ ಲೊಕೇಶನ್ ಚಾಲೂ ಇದ್ದಾಗ ತೆಗೆದ ಫೋಟೊದೊಳಗೆ ಅಕ್ಷಾಂಶ, ರೇಖಾಂಶ, ಫೋನಿನ ಮಾದರಿ, ತೆಗೆದ ಸಮಯ ಎಲ್ಲವೂ ಕೂತಿರುತ್ತವೆ. ವಾಟ್ಸಾಪಿನಲ್ಲಿ ಫೋಟೊ ಎಂದು ಕಳಿಸಿದರೆ ಇದು ಅಳಿಸುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿದರೆ ಹಾಗೇ ಹೋಗುತ್ತದೆ. ಟೇಲ್ಸಿನ ‘ಮೆಟಾಡೇಟಾ ಕ್ಲೀನರ್’ನಲ್ಲಿ ಕಡತ ಸೇರಿಸಿ, ಒಳಗೇನಿದೆ ಎಂದು ಒಮ್ಮೆ ಕಣ್ಣಾಡಿಸಿ, ‘ಕ್ಲೀನ್’ ಒತ್ತಿ. ಪಿಡಿಎಫ್ ತೊಳೆದ ಮೇಲೆ ಅಕ್ಷರಗಳನ್ನು ಆರಿಸಿ ಕಾಪಿ ಮಾಡಲು ಬರುವುದಿಲ್ಲ, ಪುಟಗಳು ಚಿತ್ರವಾಗಿ ಬದಲಾಗಿರುತ್ತವೆ. ಅದು ದೋಷವಲ್ಲ. ಚಿತ್ರದಲ್ಲಿ ಕಣ್ಣಿಗೆ ಕಾಣುವುದನ್ನು ಈ ಸಾಧನ ಮುಟ್ಟುವುದಿಲ್ಲ. ಆಸ್ಪತ್ರೆಯ ಚೀಟಿಯ ಒಪಿ ನಂಬರು, ರೇಶನ್ ಕಾರ್ಡಿನ ಅಂಕಿ, ಹಿನ್ನೆಲೆಯ ಬಸ್ಸಿನ ಬೋರ್ಡು ಇವನ್ನು ಗಿಂಪ್‌ನಲ್ಲಿ ಗಟ್ಟಿ ಕಪ್ಪು ಬಣ್ಣದಿಂದ ಮುಚ್ಚಬೇಕು. ಮಸುಕು ಮಾಡಿದರೆ ಸಾಲದು, ಮಸುಕಾದ ಅಂಕಿಗಳನ್ನು ಮರಳಿ ಊಹಿಸಬಹುದು.

ಕಳಿಸಲು ‘ಆನಿಯನ್‌ಶೇರ್’. ‘ಶೇರ್’ ವಿಭಾಗದಲ್ಲಿ ಕಡತ ಹಾಕಿ ‘ಸ್ಟಾರ್ಟ್ ಶೇರಿಂಗ್’ ಒತ್ತಿದರೆ 56 ಅಕ್ಷರಗಳ ಒಂದು ಆನಿಯನ್ ವಿಳಾಸ (ಟಾರ್ ಮೂಲಕ ಮಾತ್ರ ತೆರೆಯುವಂಥದ್ದು), ಜೊತೆಗೆ ಒಂದು ಖಾಸಗಿ ಕೀಲಿ ಬರುತ್ತದೆ. ಎರಡನ್ನೂ ಪಡೆಯುವವರಿಗೆ ತಲುಪಿಸಬೇಕು. ಅವರು ಟಾರ್ ಬ್ರೌಸರಿನಲ್ಲಿ ತೆರೆದು ಇಳಿಸಿಕೊಳ್ಳುತ್ತಾರೆ. ಕಡತ ಎಲ್ಲೂ ಅಪ್‌ಲೋಡ್ ಆಗದೆ ನಿಮ್ಮ ಲ್ಯಾಪ್‌ಟಾಪಿನಿಂದಲೇ ಹೋಗುವುದರಿಂದ ಅವರು ಇಳಿಸಿ ಮುಗಿಸುವವರೆಗೆ ನೀವು ಆನ್‌ಲೈನ್ ಇರಬೇಕು. ಲ್ಯಾಪ್‌ಟಾಪ್ ಮುಚ್ಚಿದರೆ ಅಲ್ಲಿಗೇ ನಿಂತಿತು. ಕೆಲವು ಪುಟಗಳ ಸ್ಕ್ಯಾನಿಗೆ ತೊಂದರೆಯಿಲ್ಲ, ದೊಡ್ಡ ವೀಡಿಯೊ ಆದರೆ ಸಂಜೆಯೆಲ್ಲ ಕಾಯಬೇಕಾದೀತು.

ಪಡೆಯುವವರು ಗಲ್ಫಿನಲ್ಲಿದ್ದರೆ ಮೊದಲು ಯೋಚಿಸಿ. ಇಲ್ಲಿ ಟಾರ್ ತಪ್ಪಲ್ಲ ಎಂದ ಮಾತ್ರಕ್ಕೆ ದುಬೈಯಲ್ಲೂ ಹಾಗೆಯೇ ಎಂದುಕೊಳ್ಳಬಾರದು. ಅಪರಾಧ ಎಸಗಲು ಅಥವಾ ಅದು ಪತ್ತೆಯಾಗದಿರಲು ಐಪಿ ವಿಳಾಸ ಮರೆಮಾಚುವುದು ಯುಎಇಯ ಸೈಬರ್ ಕಾನೂನಿನಲ್ಲಿ ಪ್ರತ್ಯೇಕ ಅಪರಾಧ. ನಮಗೆ ಸಹಜವೆನಿಸುವ ಮಾತು ಅಲ್ಲಿ ಅಪರಾಧವೆನಿಸಿದರೆ ಸಿಕ್ಕಿಬೀಳುವವರು ಅಲ್ಲಿರುವ ಅಣ್ಣನೋ ಭಾವನೋ, ನೀವಲ್ಲ.

ಇಷ್ಟೆಲ್ಲ ಹೊಂದಿಸಿ, ಆಮೇಲೆ ಅದೇ ಬೂಟಿನಲ್ಲಿ ಸ್ವಂತ ಜಿಮೇಲ್ ತೆರೆದರೆ ಮಾಡಿದ್ದೆಲ್ಲ ನೀರಿಗೆ. ದಾಖಲೆ ಕಳಿಸುವುದು ಒಂದು ಬೂಟ್, ಸ್ವಂತ ಹೆಸರಿನ ಇಮೇಲ್ ಇನ್ನೊಂದು ಬೂಟ್. ನಡುವೆ ಪೂರ್ತಿ ಆಫ್ ಮಾಡಿ ಮತ್ತೆ ಆನ್ ಮಾಡಬೇಕು. ಬ್ರೌಸರಿನಲ್ಲಿ ‘ನ್ಯೂ ಐಡೆಂಟಿಟಿ’ ಒತ್ತಿದರೆ ಬ್ರೌಸರಿನ ನೆನಪಷ್ಟೇ ಅಳಿಯುತ್ತದೆ, ಟೇಲ್ಸಿನ ಉಳಿದ ಭಾಗ ಹಾಗೇ ಇರುತ್ತದೆ. ಅವಸರದಲ್ಲಿ ಏಳಬೇಕಾಗಿ ಬಂದರೆ ಪೆನ್‌ಡ್ರೈವನ್ನು ಎಳೆದುಬಿಡಿ, ಟೇಲ್ಸ್ ಕೂಡಲೇ ಆಫ್ ಆಗಿ ಮೆಮೊರಿ ಒರೆಸುತ್ತದೆ. ಇದು ತುರ್ತಿಗೆ ಮಾತ್ರ. ದಿನಾ ಹೀಗೆ ಎಳೆದರೆ ಉಳಿಸಿದ ಕಡತಗಳು ಕೆಡುತ್ತವೆ.

ಅಪ್‌ಗ್ರೇಡ್, ಬ್ಯಾಕಪ್, ವಿಲೇವಾರಿ

ಸುಮಾರು ತಿಂಗಳಿಗೊಂದು ಹೊಸ ಆವೃತ್ತಿ ಬರುತ್ತದೆ. ಟಾರ್‌ಗೆ ಸೇರಿದ ಮೇಲೆ ಟೇಲ್ಸೇ ಹೇಳುತ್ತದೆ. ಗುಟ್ಟಿನ ಕೆಲಸದ ಮಧ್ಯೆ ಅಪ್‌ಗ್ರೇಡ್ ಮಾಡಬೇಡಿ, ಅದಕ್ಕೆ ಬೇರೆಯೇ ಬೂಟ್ ಇರಲಿ, ಚಾರ್ಜ್ ತುಂಬಿರಲಿ.

ಬ್ಯಾಕಪ್ಪಿಗೆ ಎರಡನೆಯ ಪೆನ್‌ಡ್ರೈವ್ ಚುಚ್ಚಿ ‘ಟೇಲ್ಸ್ ಕ್ಲೋನರ್’ ತೆರೆಯಿರಿ. ಪರ್ಸಿಸ್ಟೆಂಟ್ ಸ್ಟೋರೇಜನ್ನೂ ಕ್ಲೋನ್ ಮಾಡು ಎಂಬ ಚೌಕಕ್ಕೆ ಗುರುತು ಹಾಕಿದರೆ ಎರಡೂ ಸಮನಾಗುತ್ತವೆ. ಕರಾವಳಿಯ ತೇವದ ಗಾಳಿಗೆ ಪೆನ್‌ಡ್ರೈವಿನ ಲೋಹದ ತುದಿ ತುಕ್ಕು ಹಿಡಿಯುತ್ತದೆ. ಬ್ಯಾಕಪ್ಪಿನದ್ದನ್ನು ಸಿಲಿಕಾ ಜೆಲ್ಲಿನ ಪೊಟ್ಟಣದೊಂದಿಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಸಾಧ್ಯವಾದರೆ ಬೇರೊಂದು ಮನೆಯಲ್ಲಿ ಇಡಿ. ತಿಂಗಳಿಗೊಮ್ಮೆ ಅದರಿಂದ ಬೂಟ್ ಮಾಡಿ ಪಾಸ್‌ಫ್ರೇಸ್ ತೆರೆಯುತ್ತದೆಯೇ ನೋಡಿ.

ಪೆನ್‌ಡ್ರೈವ್ ಇನ್ನು ಬೇಡ, ಯಾರಿಗಾದರೂ ಕೊಡೋಣ ಎಂದರೆ ಕಡತ ಅಳಿಸಿದರೆ ಸಾಲದು. ಲಿನಕ್ಸಿನ ‘ಡಿಸ್ಕ್ಸ್’ನಲ್ಲಿ ‘ಫಾರ್ಮ್ಯಾಟ್ ಡಿಸ್ಕ್’ ಆರಿಸುವಾಗ ಇರುವುದರ ಮೇಲೆ ಸೊನ್ನೆ ಬರೆಯುವ ನಿಧಾನದ ಆಯ್ಕೆಯನ್ನೇ ತೆಗೆದುಕೊಳ್ಳಿ. ಫ್ಲ್ಯಾಶ್ ಮೆಮೊರಿ ಕೆಲವು ಹಳೆಯ ತುಣುಕುಗಳನ್ನು ಕೈಗೆ ಸಿಗದ ಮೂಲೆಯಲ್ಲಿ ಉಳಿಸಿಕೊಳ್ಳಬಹುದು, ಪಾಸ್‌ಫ್ರೇಸ್ ಗಟ್ಟಿಯಾಗಿದ್ದರೆ ಅವುಗಳಿಂದ ಯಾರಿಗೂ ಏನೂ ಸಿಗದು. ಗಟ್ಟಿಯಾಗಿರಲಿಲ್ಲ ಎಂಬ ಅನುಮಾನವಿದ್ದರೆ ಕೊಡುವ ಯೋಚನೆ ಬಿಟ್ಟು, ಪ್ಲಾಸ್ಟಿಕ್ ಕವಚ ಬಿಚ್ಚಿ, ಒಳಗಿನ ಕಪ್ಪು ಚಿಪ್ಪನ್ನು ಸುತ್ತಿಗೆಯಿಂದ ಎರಡು ತುಂಡು ಮಾಡಿ. ಹೊರಗಿನ ಲೋಹವನ್ನು ಮಾತ್ರ ಜಜ್ಜಿದರೆ ಚಿಪ್ಪಿಗೆ ಏನೂ ಆಗಿರುವುದಿಲ್ಲ.